ಮಧ್ಯಂತರಕ್ಕೆ ಮೊದಲೇ ಎದ್ದುಹೋಗುವ ಬೆಕ್ಕಿನವರ ಸನ್ನಿಧಿಗೆ

ಇವರಿಗೆ,
ಚಿತ್ರಮಂದಿರದ ಬೆಕ್ಕಿನವರು,
ಹನ್ನೊಂದನೆಯ ಸಾಲು, ಐದನೆಯ ಸೀಟು (ಸ್ಪಂಜು ಹೊರಬಂದಿರುವುದು).

ವಿಷಯ: ತಾವು ಕಳೆದ ಶುಕ್ರವಾರ ಅರವತ್ತನಾಲ್ಕನೆಯ ನಿಮಿಷಕ್ಕೆ ಎದ್ದುಹೋದದ್ದರ ಕುರಿತು.

ಮಾನ್ಯರೇ,

ತಮ್ಮ ಎರಡೂ ಕಿವಿಗಳಿಗೆ, ನಾಲ್ಕೂ ಪಾದಗಳಿಗೆ ಮತ್ತು ಈಚೆಗೆ ಇಡೀ ಚಿತ್ರೋದ್ಯಮವನ್ನೇ ಅಲ್ಲಾಡಿಸುತ್ತಿರುವ ಆ ಒಂದು ಬಾಲಕ್ಕೆ ಬೇರೆ ಬೇರೆಯಾಗಿ ವಂದನೆಗಳು. ತಾವು ಸೌಖ್ಯವಾಗಿದ್ದೀರಾ ಎಂದು ಕೇಳಬೇಕಾಗಿಲ್ಲ. ನಿನ್ನೆ ಮ್ಯಾಟಿನಿಯ ಹೊತ್ತಿಗೆ ಟಿಕೆಟ್ ಕೌಂಟರಿನ ಮೇಲೆ ಬಿಸಿಲು ಕಾಯಿಸುತ್ತ ಮಲಗಿದ್ದ ತಮ್ಮನ್ನು ನಾನೇ ಕಣ್ಣಾರೆ ಕಂಡೆ, ಟಿಕೆಟ್ ಕೇಳಿಕೊಂಡು ಯಾರೂ ಬಾರದ್ದರಿಂದ ತಮ್ಮ ನಿದ್ರೆಗೆ ಕಿಂಚಿತ್ತೂ ಭಂಗ ಬರಲಿಲ್ಲವೆಂಬುದನ್ನೂ ಕಂಡೆ. ಯಾರೂ ಬಾರದ್ದಕ್ಕೆ ಕಾರಣ ತಾವೇ ಎಂಬುದನ್ನು ವಿನಯಪೂರ್ವಕ ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಪರಿಚಯ ತಮಗಿದೆ. ತಮ್ಮದು ಐದನೆಯ ಸೀಟು, ನನ್ನದು ನಾಲ್ಕನೆಯದು. ಇಪ್ಪತ್ತೆರಡು ವರ್ಷಗಳಿಂದ ನಮ್ಮೂರಿನ ದಿನಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುತ್ತಿರುವವನು ನಾನು; ಪ್ರತಿ ಶುಕ್ರವಾರ ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಕತ್ತಲಲ್ಲಿ ಗೀಚಿ, ಮನೆಗೆ ಹೋದಮೇಲೆ ನನ್ನ ಅಕ್ಷರ ನನಗೇ ತಿಳಿಯದೆ ತಲೆ ಕೆರೆದುಕೊಳ್ಳುವವನು. ತಾವು ಆ ನೋಟ್‌ಬುಕ್ಕಿನ ಮೇಲೆ ಎಷ್ಟೋ ಸಲ ಮುಂಗಾಲು ಊರಿದ್ದೀರಿ, ಮತ್ತು ಆ ಹೆಜ್ಜೆಗುರುತುಗಳು ನನ್ನ ವಾಕ್ಯಗಳಿಗಿಂತ ಸ್ಪಷ್ಟವಾಗಿದ್ದವೆಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ನಮ್ಮಿಬ್ಬರ ವೃತ್ತಿಸಂಬಂಧ ಶುರುವಾದದ್ದು ಎರಡೂವರೆ ವರ್ಷದ ಹಿಂದೆ. ಆ ಶುಕ್ರವಾರದ ಚಿತ್ರದಲ್ಲಿ ನಾಯಕನು ಮೊದಲ ನಲವತ್ತು ನಿಮಿಷ ಬರೀ ನಡೆದ. ಕಾರಿನಿಂದ ಇಳಿದು ನಿಧಾನವಾಗಿ ನಡೆದ, ಮೆಟ್ಟಿಲು ಹತ್ತಿ ಇನ್ನೂ ನಿಧಾನವಾಗಿ ನಡೆದ, ಬಾಗಿಲು ತಾನಾಗಿ ತೆರೆದುಕೊಂಡಿತು, ಅದರೊಳಗೂ ನಡೆದ. ನಲವತ್ತೊಂದನೆಯ ನಿಮಿಷದಲ್ಲಿ ತಾವು ಸೀಟಿನ ಬುಡದಿಂದ ಚಂಗನೆ ಹಾರಿ ಹೊರಗೆ ಓಡಿದಿರಿ. ಅಂದು ಸಂಜೆ ನಾನು ಎಂಟುನೂರು ಪದಗಳ ವಿಮರ್ಶೆ ಬರೆದು, ಅದರ ಕೊನೆಯಲ್ಲಿ ಎಲ್ಲೋ ಮೂಲೆಯಲ್ಲಿ, ‘ನಲವತ್ತೊಂದನೆಯ ನಿಮಿಷಕ್ಕೆ ಚಿತ್ರಮಂದಿರದ ಬೆಕ್ಕೂ ಎದ್ದುಹೋಯಿತು’ ಎಂದು ಒಂದೇ ಒಂದು ಸಾಲು ಸೇರಿಸಿದೆ. ಸಂಪಾದಕರು ಅದನ್ನೇ ತಲೆಬರಹ ಮಾಡಿದರು. ಅಲ್ಲಿಯವರೆಗೆ ಇಪ್ಪತ್ತು ವರ್ಷದಲ್ಲಿ ನನ್ನ ಅಂಕಣಕ್ಕೆ ಬಂದಿದ್ದ ಓದುಗರ ಪತ್ರಗಳು ಮೂರು, ಅದರಲ್ಲಿ ಒಂದು ಪಕ್ಕದ ಪದಬಂಧದಲ್ಲಿದ್ದ ತಪ್ಪಿನ ಬಗ್ಗೆ. ಆ ಒಂದು ವಾರದಲ್ಲಿ ನಲವತ್ತಾರು ಪತ್ರಗಳು ಬಂದವು, ಎಲ್ಲವೂ ತಮ್ಮ ಬಗ್ಗೆ.

ಮುಂದಿನದು ತಮಗೆ ತಿಳಿದದ್ದೇ. ನನ್ನ ವಿಮರ್ಶೆಯ ಪಕ್ಕದಲ್ಲಿ ‘ಬೆಕ್ಕಿನ ತೀರ್ಪು’ ಎಂಬ ಪುಟ್ಟ ಚೌಕಟ್ಟು ಹುಟ್ಟಿತು, ತಾವು ಎಷ್ಟನೆಯ ನಿಮಿಷಕ್ಕೆ ಎದ್ದುಹೋದಿರೆಂಬುದನ್ನು ಅದರಲ್ಲಿ ದಪ್ಪ ಅಂಕಿಯಲ್ಲಿ ಅಚ್ಚುಹಾಕತೊಡಗಿದರು. ಚೌಕಟ್ಟು ದಿನೇ ದಿನೇ ಮೈಕೈ ತುಂಬಿಕೊಂಡಿತು, ನನ್ನ ವಿಮರ್ಶೆ ಸೊರಗುತ್ತ ಬಂತು: ಎಂಟುನೂರು ಪದ ಮುನ್ನೂರಾಯಿತು, ಮುನ್ನೂರು ನೂರಾಯಿತು, ಈಗ ಎಂಬತ್ತಕ್ಕೆ ನಿಂತಿದೆ. ಅಂಕಣದ ನೆತ್ತಿಯ ಮೇಲಿದ್ದ ನನ್ನ ಭಾವಚಿತ್ರ ತೆಗೆದು ತಮ್ಮದನ್ನು ಹಾಕಿದ ದಿನ ನಾನು ಸಂಪಾದಕರ ಕೋಣೆಗೆ ಹೋಗಿ ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ನೀವು ಬರೀರಿ, ಯಾರು ಬೇಡ ಅಂದ್ರು? ಆದ್ರೆ ಬೆಕ್ಕಿನ ಕೆಳಗೆ ಬರೀರಿ" ಎಂದರು. ಮನೆಗೆ ಬಂದು ಹೆಂಡತಿಯ ಮುಂದೆ ಹೇಳಿಕೊಂಡರೆ ಅವಳು ಟಿವಿಯಿಂದ ಕಣ್ಣು ಕೀಳದೆ, "ಫೋಟೋ ಚೆನ್ನಾಗೇ ಬಂದಿದೆ ಬಿಡಿ" ಎಂದಳು. ಯಾರ ಫೋಟೋ ಎಂದು ನಾನು ಕೇಳಲು ಹೋಗಲಿಲ್ಲ.

ತಮ್ಮ ಯೋಗ್ಯತೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲವೆಂದು ಇಲ್ಲಿ ಸ್ಪಷ್ಟಪಡಿಸುತ್ತೇನೆ. ತಾವು ಪತ್ರಿಕಾಗೋಷ್ಠಿಗೆ ಹೋಗಿ ನಿರ್ಮಾಪಕರ ಬಿಸ್ಕತ್ತು ತಿಂದು ಬಂದು ‘ತಂಡದ ಶ್ರಮ ಎದ್ದು ಕಾಣುತ್ತದೆ’ ಎಂದು ಬರೆದವರಲ್ಲ. ನಾಯಕನ ಜೊತೆ ನಿಂತು ಹಲ್ಲುಕಿರಿದು ಫೋಟೋ ತೆಗೆಸಿಕೊಂಡವರಲ್ಲ. ಐದು ನಕ್ಷತ್ರಗಳಲ್ಲಿ ಎರಡೂಮುಕ್ಕಾಲು ಕೊಟ್ಟು ಉಳಿದ ಕಾಲನ್ನು ಕಿಸೆಯಲ್ಲಿಟ್ಟುಕೊಂಡವರಲ್ಲ. ಛಾಯಾಗ್ರಹಣ ಕಣ್ಣಿಗೆ ತಂಪು, ಸಂಗೀತ ಪರವಾಗಿಲ್ಲ, ಎರಡನೆಯ ಅರ್ಧದಲ್ಲಿ ಹಿಡಿತ ತಪ್ಪಿದೆ ಎಂಬ ಮೂರು ವಾಕ್ಯಗಳನ್ನು ಹಿಂದುಮುಂದು ಮಾಡಿ ಇಪ್ಪತ್ತು ವರ್ಷ ಸಂಸಾರ ತೂಗಿಸಿದವರಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಹೊಗಳಲು ಮನಸ್ಸಿಲ್ಲದೆ ತೆಗಳಲು ಧೈರ್ಯವಿಲ್ಲದೆ ‘ಒಮ್ಮೆ ನೋಡಬಹುದು’ ಎಂದು ಕೈತೊಳೆದುಕೊಂಡವರು ತಾವಲ್ಲ. ಆ ಮಾತನ್ನು ನಾನು ಈವರೆಗೆ ನಾನೂರ ಹನ್ನೆರಡು ಚಿತ್ರಗಳಿಗೆ ಬರೆದಿದ್ದೇನೆ, ಅವುಗಳಲ್ಲಿ ಎಷ್ಟೋ ಚಿತ್ರಗಳನ್ನು ನಾನೇ ಒಮ್ಮೆ ಪೂರ್ತಿ ನೋಡಲಾರದೆ ಹೋಗಿದ್ದೇನೆ.

ತಮ್ಮ ಪ್ರಭಾವ ಚಿತ್ರೋದ್ಯಮದ ಮೇಲೆ ಆಗಿರುವುದನ್ನಂತೂ ಹೇಳತೀರದು. ಈ ವರ್ಷ ತೆರೆಕಂಡ ಹನ್ನೆರಡು ಪ್ರೇಮಕಥೆಗಳಲ್ಲಿ ಒಂಬತ್ತರಲ್ಲಿ ನಾಯಕ ನಾಯಕಿಯರು ಮೊದಲ ಸಲ ಭೇಟಿಯಾಗುವುದು ಮೀನಿನ ಅಂಗಡಿಯಲ್ಲಿ. ನ್ಯಾಯಾಲಯದ ದೃಶ್ಯದಲ್ಲಿ ಕಾರಣವಿಲ್ಲದೆ ಪಾರಿವಾಳ ಹಾರುತ್ತದೆ. ತಾಯಿ ಸಾಯುವ ದೃಶ್ಯದಲ್ಲಿ, ಎಲ್ಲರೂ ಅಳುವ ಹೊತ್ತಿಗೆ, ಹಿನ್ನೆಲೆ ಸಂಗೀತದವರು ಪಿಟೀಲಿನ ಕೆಳಗೆ ಸಣ್ಣಗೆ ಇಲಿಯ ಸದ್ದು ಸೇರಿಸಿದ್ದಾರೆ. ನಾನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಿದ್ದೇನೆ, ತಾವು ಕಿವಿ ನಿಮಿರಿಸಿದ್ದೂ ಸುಳ್ಳಲ್ಲ. ಒಬ್ಬ ನಿರ್ದೇಶಕರು ಬಿಡುಗಡೆಯ ಮುನ್ನಾದಿನ ಹನ್ನೊಂದನೆಯ ಸಾಲಿನಲ್ಲಿ ಮಂಡಿಯೂರಿ ಕೂತು, ಅವರ ಚಿತ್ರದಲ್ಲಿನ ಮುರಿದ ಕುರ್ಚಿಯು ಯಾವುದರ ಸಂಕೇತವೆಂದು ಮುಕ್ಕಾಲು ಗಂಟೆ ತಮಗೆ ವಿವರಿಸಿದರು. ತಾವು ಅಷ್ಟೂ ಹೊತ್ತು ಅವರ ಮುಖವನ್ನೇ ನೋಡುತ್ತ ಕೂತಿದ್ದಿರಿ. ನನಗೆ ಅದೇ ನಿರ್ದೇಶಕರು ಅದೇ ಕುರ್ಚಿಯ ಬಗ್ಗೆ ಫೋನಿನಲ್ಲಿ ಹೇಳತೊಡಗಿದಾಗ ನಾನು ಸಿಗ್ನಲ್ ಇಲ್ಲವೆಂದು ಇಟ್ಟುಬಿಟ್ಟಿದ್ದೆ.

ಹೊಟ್ಟೆಕಿಚ್ಚಿನಿಂದ ಹೀಗೆ ಬರೆಯುತ್ತಿದ್ದಾನೆಂದು ತಾವು ಭಾವಿಸಬಹುದು. ಹೌದು, ಹೊಟ್ಟೆಕಿಚ್ಚೇ. ಆದರೆ ಅದನ್ನು ಪದ್ಧತಿಪ್ರಕಾರ ಅನುಭವಿಸಿದ್ದೇನೆ: ಹದಿನಾಲ್ಕು ವಾರ ಕೈಗಡಿಯಾರ ಹಿಡಿದು ತಮ್ಮ ನಿರ್ಗಮನವನ್ನು ದಾಖಲಿಸಿದೆ. ನಲವತ್ತೊಂಬತ್ತು, ಐವತ್ತೊಂದು, ಐವತ್ತು, ನಲವತ್ತೆಂಟು. ಯುದ್ಧದ ಚಿತ್ರವಾಗಲಿ, ಹಾಸ್ಯವಾಗಲಿ, ದೆವ್ವವಾಗಲಿ, ತಮ್ಮ ಸಹನೆಗೆ ಐವತ್ತು ನಿಮಿಷ ಆಯಸ್ಸು. ಜಾಹೀರಾತು ಜಾಸ್ತಿ ಹಾಕಿ ಚಿತ್ರ ತಡವಾಗಿ ಶುರುವಾದ ದಿನ ಮಾತ್ರ ಮೂವತ್ತೈದಕ್ಕೇ ಎದ್ದಿರಿ, ಆ ಚಿತ್ರ ಪಾಪ ನೆಲಕಚ್ಚಿತು. ಹದಿನೈದನೆಯ ವಾರ ನಾನು ತಮ್ಮ ಹಿಂದೆಯೇ ಎದ್ದು ಬಂದೆ. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಕ್ಯಾಂಟೀನಿನ ಅಕ್ಕ ಮಧ್ಯಂತರದ ಟೀಗೆಂದು ಹಾಲಿನ ಪಾತ್ರೆ ಒಲೆಗೇರಿಸುತ್ತಿದ್ದರು, ತಾವು ಅವರ ಕಾಲಬುಡದಲ್ಲಿ ಕೂತಿದ್ದಿರಿ. ನನ್ನ ಮುಖ ನೋಡಿ ಅವರು, "ಅದಕ್ಕೆ ಸಿನಿಮಾ ಏನ್ ಗೊತ್ತು ಸಾರ್, ಪಾತ್ರೆ ಸದ್ದು ಗೊತ್ತು ಅಷ್ಟೇ" ಎಂದರು. ತಾವು ಮೂರು ಗಂಟೆ ಅಲುಗಾಡದೆ ಕೂತು ನೋಡಿದ್ದರಿಂದ ಹೋದ ವರ್ಷದ ಶ್ರೇಷ್ಠ ಚಿತ್ರವೆನಿಸಿಕೊಂಡದ್ದಿದೆಯಲ್ಲ, ನಾಯಕ ಎರಡು ಸಲ ಸತ್ತು ಮೂರು ಸಲ ಹುಟ್ಟುವುದು, ಅದು ಬಂದ ಶುಕ್ರವಾರ ಕ್ಯಾಂಟೀನಿನಲ್ಲಿ ಗ್ಯಾಸ್ ಮುಗಿದಿತ್ತು.

ಈ ಗುಟ್ಟನ್ನು ನಾನು ಒಂದೂವರೆ ವರ್ಷ ಹೊರಗೆಡವಲಿಲ್ಲ. ನನಗಾಗದ ಚಿತ್ರಗಳು ತಮ್ಮಿಂದ ಮಣ್ಣುಮುಕ್ಕುವುದನ್ನು ನೋಡಿ ಒಳಗೊಳಗೇ ಖುಷಿಪಟ್ಟೆ ಎಂಬುದೇ ನಿಜವಾದ ಕಾರಣ. ಅಷ್ಟೇ ಏಕೆ, ನನ್ನ ಹೆಂಡತಿ ನೋಡುವ ಧಾರಾವಾಹಿಯಲ್ಲಿ ಸೊಸೆ ‘ಏನು?’ ಎಂದು ಕೇಳಿದ್ದಕ್ಕೆ ಮನೆಯ ಹದಿನಾಲ್ಕು ಜನರ ಮುಖವನ್ನೂ ಒಂದೊಂದಾಗಿ, ಗುಡುಗಿನ ಸದ್ದಿನೊಂದಿಗೆ, ಮೂರು ಮೂರು ಸಲ ತೋರಿಸಿದ ದಿನ, ತಮ್ಮನ್ನು ಬುಟ್ಟಿಯಲ್ಲಿ ಮನೆಗೆ ಕರೆತಂದು ಟಿವಿಯ ಮುಂದೆ ಕೂರಿಸಿ, ಸರಿಯಾದ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆ ಕುಟ್ಟುವ ಯೋಚನೆಯೂ ಬಂದಿತ್ತು. ಹೆಂಡತಿ ತಮ್ಮ ಮಾತನ್ನಾದರೂ ಕೇಳಿಯಾಳೆಂಬ ಆಸೆ.

ಇನ್ನೊಂದು ತಪ್ಪೊಪ್ಪಿಗೆ ಬಾಕಿಯಿದೆ, ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಬೇಕು. ಆ ಮೊದಲ ಶುಕ್ರವಾರ, ನಲವತ್ತೊಂದನೆಯ ನಿಮಿಷಕ್ಕೆ, ತಾವು ಚಿತ್ರ ಬೇಸರವಾಗಿ ಎದ್ದುಹೋಗಲಿಲ್ಲ. ಬೇಸರವಾಗಿ ಎದ್ದವನು ನಾನು. ಕತ್ತಲಲ್ಲಿ ತಡವರಿಸುತ್ತ ಹೊರಡುವಾಗ ತಮ್ಮ ಬಾಲ ತುಳಿದೆ. ತಾವು ಹಾರಿದ್ದು, ಓಡಿದ್ದು, ಬಾಗಿಲ ಬಳಿ ತಿರುಗಿ ನೋಡಿದ್ದು, ಎಲ್ಲವೂ ನನ್ನ ಮೇಲಿನ ಅಭಿಪ್ರಾಯವೇ ಹೊರತು ಚಿತ್ರದ ಮೇಲಿನದಲ್ಲ. ಎರಡೂವರೆ ವರ್ಷದಿಂದ ಊರಿಗೂರೇ ನಂಬಿರುವ ವಿಮರ್ಶಾಪರಂಪರೆಯೊಂದು ಹುಟ್ಟಿದ್ದು ನನ್ನ ಎಡಗಾಲಿನ ಚಪ್ಪಲಿಯ ಕೆಳಗೆ.

ಈಗ ಅಸಲು ದೂರಿಗೆ ಬರುತ್ತೇನೆ, ಅದಕ್ಕೆ ತಮ್ಮ ಸೀಟಿನ ಪೂರ್ವಚರಿತ್ರೆ ಹೇಳಬೇಕು. ತಾವು ಬರುವ ಮೊದಲು ಆ ಐದನೆಯ ಸೀಟು ನನ್ನ ಅಣ್ಣನದು. ಅಣ್ಣ ದರ್ಜಿ. ಶುಕ್ರವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಅಳತೆಯ ಟೇಪು ಕೊರಳಲ್ಲೇ ಇರುವಂತೆ ಬಂದು ಪಕ್ಕದಲ್ಲಿ ಕೂರುತ್ತಿದ್ದ, ಹದಿಮೂರು ವರ್ಷ ಒಂದು ವಾರವೂ ತಪ್ಪಿಸಲಿಲ್ಲ. ಚಿತ್ರ ಓಡುತ್ತಿದ್ದಂತೆ ಕಿವಿಯಲ್ಲಿ ಪಿಸುಗುಡುತ್ತಿದ್ದ: "ರಾಜ ಅಂತೆ ರಾಜ, ಅಂಗಿ ಕಂಕುಳಲ್ಲಿ ಹಿಡೀತಿದೆ ನೋಡು, ಹೀಗಿದ್ರೆ ಕತ್ತಿ ಹೇಗೆ ಎತ್ತಾನು?" ಮರುದಿನ ಪತ್ರಿಕೆಯಲ್ಲಿ ಅದು, ನಾಯಕನ ಆಂಗಿಕ ಅಭಿನಯದ ಬಿಗುವಿನ ಕುರಿತು ನನ್ನ ಒಳನೋಟವಾಗಿ ಪ್ರಕಟವಾಗುತ್ತಿತ್ತು. ನಾನು ಚೆನ್ನಾಗಿ ಬರೆಯುತ್ತಿದ್ದೆನೆಂದು ಜನ ಹೇಳುತ್ತಿದ್ದ ವರ್ಷಗಳೆಲ್ಲ ಅಣ್ಣ ಪಕ್ಕದಲ್ಲಿದ್ದ ವರ್ಷಗಳು. ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ, ಅವನಿಗೂ.

ಎಂಟು ವರ್ಷದ ಹಿಂದೆ ಒಂದು ಚಿತ್ರ ಬಂತು. ಲಾರಿ ಚಾಲಕನೊಬ್ಬ ಟೈರು ಬಿಚ್ಚುವ ಪಾನ ಹಿಡಿದು ನಲವತ್ತು ಜನರನ್ನು ಹೊಡೆಯುತ್ತಾನೆ, ಹೊಡೆತ ಮುಗಿದ ಮೇಲೆ ಅದೇ ಪಾನದಿಂದ ತಾಳ ಹಾಕುತ್ತ ಹಾಡುತ್ತಾನೆ. ಅಣ್ಣನಿಗೆ ಅದು ಎಷ್ಟು ಹಿಡಿಸಿತೆಂದರೆ ಏಳು ಸಲ ನೋಡಿದ, ಅತ್ತಿಗೆಯನ್ನು ಕರೆದೊಯ್ದ, ಅತ್ತಿಗೆಯ ತವರಿನವರನ್ನೂ ಕರೆದೊಯ್ದ. ನಾನು ಒಂದು ನಕ್ಷತ್ರ ಕೊಟ್ಟೆ. ಅಷ್ಟಕ್ಕೆ ಸುಮ್ಮನಿರದೆ, ‘ಈ ಚಿತ್ರವನ್ನು ಎರಡನೆಯ ಸಲ ನೋಡುವವರು ವೈದ್ಯರಿಗೆ ತಲೆ ತೋರಿಸುವುದು ಒಳಿತು’ ಎಂದು ಬರೆದೆ. ಬರೆಯುವಾಗ ನನ್ನ ಕಣ್ಣ ಮುಂದಿದ್ದದ್ದು ಅಣ್ಣನಲ್ಲ, ವಾಕ್ಯ ಮಾತ್ರ. ವಿಮರ್ಶಕರಿಗೆ ಬರುವ ಕಾಯಿಲೆ ಇದು, ತಮಗೆ ಬಾರದಿರಲಿ. ಮುಂದಿನ ಶುಕ್ರವಾರ ಅವನು ಫೋನ್ ಮಾಡಿ, "ತಲೆ ತೋರ್ಸೋಕೆ ಹೋಗ್ತಿದೀನಿ ಕಣೋ, ಸಿನಿಮಾಗೆ ನೀನೊಬ್ನೇ ಹೋಗು" ಎಂದು ಇಟ್ಟುಬಿಟ್ಟ. ಅವನು ನನ್ನೊಡನೆ ಆಡಿದ ಕೊನೆಯ ಮಾತು ಅದೇ. ಕೆಲವು ತಿಂಗಳು ಖಾಲಿಯಿದ್ದ ಆ ಸೀಟಿಗೆ ಆಮೇಲೆ ತಾವು ಚಿತ್ತೈಸಿದಿರಿ.

ಅಣ್ಣನ ಮನೆಯ ಸುದ್ದಿ ನನಗೆ ತಿಳಿಯುವುದು ಓರಗಿತ್ತಿಯರ ಫೋನಿನಿಂದ. ನನ್ನ ಹೆಂಡತಿಯ ಪ್ರಕಾರ ಅಣ್ಣ ಈಗಲೂ ಶನಿವಾರ ಪತ್ರಿಕೆ ತೆಗೆದೊಡನೆ ನಮ್ಮ ಪುಟಕ್ಕೇ ಹೋಗುತ್ತಾನೆ. ನನ್ನ ಎಂಬತ್ತು ಪದಗಳ ಮೇಲೆ ಅಂಗೈ ಮುಚ್ಚಿ, ತಮ್ಮ ಚೌಕಟ್ಟನ್ನಷ್ಟೇ ಓದುತ್ತಾನೆ. ತಾವು ಕೂತು ನೋಡಿದ ಚಿತ್ರಕ್ಕೆ ಮಾತ್ರ ಹೋಗುತ್ತಾನೆ, ಅದೂ ಭಾನುವಾರ, ನಾನು ಇರದ ದಿನ. "ಆ ಬೆಕ್ಕಿಗೆ ಸಿನಿಮಾ ಅರ್ಥ ಆಗುತ್ತೆ" ಎಂದನಂತೆ. ಹೆಂಡತಿ ಅದನ್ನು ನನಗೆ ಹೇಳುವಾಗ ನಗು ತಡೆದುಕೊಳ್ಳಲು ಸೆರಗು ಬಾಯಿಗಿಟ್ಟುಕೊಂಡಿದ್ದಳು.

ಹೀಗಿರುವಾಗ ಕಳೆದ ಶುಕ್ರವಾರದ ಚಿತ್ರ ಬಂತು. ಎರಡು ಗಂಟೆ ಹನ್ನೊಂದು ನಿಮಿಷ, ಒಂದೇ ಒಂದು ಹೊಡೆದಾಟವಿಲ್ಲ. ಹನ್ನೊಂದು ವರ್ಷದಿಂದ ಮಾತು ಬಿಟ್ಟಿರುವ ಅಕ್ಕತಂಗಿಯರು, ಮಾರಿಹೋದ ಮನೆಯ ಮೂರನೆಯ ಮಹಡಿಯಿಂದ ಅಮ್ಮನ ಬೀರುವನ್ನು ಇಕ್ಕಟ್ಟಾದ ಮೆಟ್ಟಿಲಲ್ಲಿ ಇಳಿಸಬೇಕು, ಅಷ್ಟೇ ಕಥೆ. ನಾನು ಅದನ್ನು ಮೊದಲೇ ಒಮ್ಮೆ ನಿರ್ಮಾಪಕರ ಪುಟ್ಟ ಕೋಣೆಯಲ್ಲಿ ನೋಡಿದ್ದೆ, ಹದಿನೈದು ವರ್ಷದಲ್ಲಿ ಇಂಥದ್ದು ನೋಡಿರಲಿಲ್ಲ. ಬಟ್ಟೆಗಳಂತೂ! ಅಕ್ಕನ ರವಿಕೆಯ ತೋಳಿಗೆ ಬೇರೆ ಬಣ್ಣದ ದಾರದಲ್ಲಿ ಹಾಕಿದ ತೇಪೆ ಕಂಡಾಗ ನಾನು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದೆ. ಈ ಚಿತ್ರವನ್ನು ಅಣ್ಣ ನೋಡಲೇಬೇಕೆಂದು ಆ ಕ್ಷಣವೇ ತೀರ್ಮಾನಿಸಿದೆ. ನಾನು ಬರೆದರೆ ಅಂಗೈ ಅಡ್ಡ ಬರುತ್ತದೆ, ತಾವು ಕೂತರೆ ಅವನು ಬಂದೇ ಬರುತ್ತಾನೆ.

ಆದ್ದರಿಂದ, ಮಾನ್ಯರೇ, ನನ್ನ ಇಪ್ಪತ್ತೆರಡು ವರ್ಷದ ವೃತ್ತಿಜೀವನದಲ್ಲಿ ಮೊದಲ ಬಾರಿಗೆ ಒಂದು ಭ್ರಷ್ಟಾಚಾರಕ್ಕೆ ಕೈಹಾಕಿದೆ. ಕ್ಯಾಂಟೀನಿನ ಅಕ್ಕನ ಬಳಿ ಹೋಗಿ, ಒಂದು ದಿನದ ಮಟ್ಟಿಗೆ ಹಾಲಿನ ಪಾತ್ರೆಯನ್ನು ಚಿತ್ರ ಮುಗಿದ ಮೇಲೆ ಒಲೆಗಿಡಬೇಕೆಂದು ಬೇಡಿಕೊಂಡೆ. ಅವರು ಸೊಂಟದ ಮೇಲೆ ಕೈಯಿಟ್ಟು, "ಟೀ ಕೇಳ್ದೋರಿಗೆ ಏನ್ ಹೇಳ್ಲಿ, ಬೆಕ್ಕು ಸಿನಿಮಾ ನೋಡ್ತಿದೆ, ತಡೀರಿ ಅಂತಾನಾ?" ಎಂದು ಬೈದು, ಆಮೇಲೆ ಒಪ್ಪಿದರು. ಅದರಂತೆ ಶುಕ್ರವಾರ ಮೂರು ಇಪ್ಪತ್ತು ಕಳೆಯಿತು, ತಾವು ಮಿಸುಕಲಿಲ್ಲ. ಐವತ್ತೈದನೆಯ ನಿಮಿಷ ಕಳೆಯಿತು, ಅರವತ್ತನೆಯದೂ ಕಳೆಯಿತು. ನನ್ನ ಎದೆ ಉಬ್ಬಿತು. ಬೇರೆ ಪತ್ರಿಕೆಗಳ ವಿಮರ್ಶಕರು ಹಿಂದಿನ ಸಾಲಿನಿಂದ ತಮ್ಮನ್ನೇ ಬಗ್ಗಿ ನೋಡುತ್ತಿದ್ದರು.

ಅರವತ್ತನಾಲ್ಕನೆಯ ನಿಮಿಷಕ್ಕೆ ಬೀರು ಎರಡನೆಯ ಮಹಡಿಯ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಅಕ್ಕ ಮೇಲೆ, ತಂಗಿ ಕೆಳಗೆ, ನಡುವೆ ಬೀರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅಕ್ಕ, "ನಿನ್ ಕಡೆ ಸ್ವಲ್ಪ ಎತ್ತೇ" ಎಂದಳು. ಹನ್ನೊಂದು ವರ್ಷದ ಮೇಲೆ ಮೊದಲ ಮಾತು ಅದು. ಎರಡನೆಯ ಸಲ ನೋಡುತ್ತಿದ್ದರೂ ನನಗೆ ತಡೆಯಲಾಗಲಿಲ್ಲ, ಗಳಗಳ ಅತ್ತುಬಿಟ್ಟೆ. ಬರೀ ಅತ್ತಿದ್ದರೆ ಏನೂ ಆಗುತ್ತಿರಲಿಲ್ಲ. ಕರವಸ್ತ್ರ ತೆಗೆದು ಮೂಗು ಸೀಟಿದೆ. ನನ್ನ ಮೂಗಿನ ಸದ್ದು ಮನೆಯಲ್ಲೂ ಹೆಸರುವಾಸಿ, ನಿಶ್ಶಬ್ದವಾದ ಚಿತ್ರಮಂದಿರದಲ್ಲಿ ಅದು ಹೇಗೆ ಕೇಳಿರಬೇಡ! ತಾವು ಎರಡಡಿ ಮೇಲಕ್ಕೆ ನೆಗೆದು, ಮೂರು ಸಾಲು ದಾಟಿ, ಬಾಗಿಲ ಸಂದಿಯಲ್ಲಿ ಮಾಯವಾದಿರಿ. ಹಿಂದಿನ ಸಾಲಿನಲ್ಲಿ ನಾಲ್ಕು ಪೆನ್ನುಗಳು ಒಟ್ಟಿಗೆ ‘ಅರವತ್ತನಾಲ್ಕು’ ಎಂದು ಬರೆದುಕೊಂಡವು.

ಶನಿವಾರ ಮ್ಯಾಟಿನಿಗೆ ಹನ್ನೊಂದು ಜನ. ಭಾನುವಾರ ಏಳು, ಅದರಲ್ಲಿ ಇಬ್ಬರು ಫ್ಯಾನಿನ ಗಾಳಿಗೆ ಬಂದವರು. ಅಣ್ಣ ಬರಲಿಲ್ಲ. ಗುರುವಾರದ ಮ್ಯಾಟಿನಿಯೇ ಕಡೆಯ ಆಟ, ಆಮೇಲೆ ಬೇರೆ ಚಿತ್ರ ಬರುತ್ತದೆ. ಮೀನುಗಾರನೊಬ್ಬ ನಿಧಾನವಾಗಿ ನಡೆಯುವುದು ಅದರ ವಸ್ತುವೆಂದು ಕೇಳಿದ್ದೇನೆ.

ಮೊದಲು ಅಂದುಕೊಂಡದ್ದು, ತಾವು ಗುರುವಾರ ದಯಮಾಡಿಸಿ ಎರಡು ಗಂಟೆ ಹನ್ನೊಂದು ನಿಮಿಷ ಕೂತು ತೀರ್ಪನ್ನು ತಿದ್ದಬೇಕೆಂದು ಬೇಡುವುದು, ಕೂರಲು ಆಗದಿದ್ದರೆ ಕನಿಷ್ಠ ಮಲಗಬೇಕೆಂದು ಬೇಡುವುದು, ಅದೂ ಆಗದಿದ್ದರೆ ಹೋಗುವಾಗ ಬೇಸರದಿಂದಲ್ಲ ದುಃಖ ತಾಳಲಾರದೆ ಹೋಗುತ್ತಿರುವಂತೆ ಮುಖ ಮಾಡಬೇಕೆಂದು ಬೇಡುವುದು. ಆದರೆ ಗುರುವಾರದ ತೀರ್ಪು ಅಚ್ಚಾಗುವಷ್ಟರಲ್ಲಿ ಚಿತ್ರವೇ ಹೊರಟುಹೋಗಿರುತ್ತದೆ. ಅದಕ್ಕಾಗಿ ಸಂಪಾದಕರ ಬಳಿ ಹೋಗಿ, ಬುಧವಾರದ ಸಂಚಿಕೆಯಲ್ಲಿ ಒಂದು ಪತ್ರ ಹಾಕಬೇಕೆಂದೆ. ಎಂಬತ್ತು ಪದ ಎಂದರು. ವಿಷಯ ಬೆಕ್ಕು ಎಂದೆ. "ಹಾಗಾದ್ರೆ ಎಷ್ಟುದ್ದ ಆದ್ರೂ ಪರ್ವಾಗಿಲ್ಲ" ಎಂದರು. ತಮ್ಮ ಚೌಕಟ್ಟಿನೊಳಗೇ, ತಮ್ಮ ಭಾವಚಿತ್ರದ ಕೆಳಗೇ ಅಚ್ಚಾಗಬೇಕೆಂದು ಕೇಳಿಕೊಂಡಿದ್ದೇನೆ. ಅಲ್ಲಿ ಅಂಗೈ ಮುಚ್ಚುವವರಿಲ್ಲ.

ಕಡೆಯದಾಗಿ ನನ್ನ ವಿನಂತಿ ಇಷ್ಟೇ. ಗುರುವಾರ ಎರಡೂವರೆಯ ಆಟಕ್ಕೆ ತಾವು ಐದನೆಯ ಸೀಟನ್ನು ಒಂದೇ ಒಂದು ಹೊತ್ತು ಖಾಲಿ ಬಿಟ್ಟುಕೊಡಬೇಕು. ಚಿತ್ರದ ಅಕ್ಕನ ರವಿಕೆಯ ತೇಪೆಯ ಬಗ್ಗೆ ಆ ಸೀಟಿನಿಂದ ಯಾರಾದರೂ ಏನಾದರೂ ಪಿಸುಗುಟ್ಟುವುದು ನನಗೆ ಬೇಕಾಗಿದೆ. ಕ್ಯಾಂಟೀನಿನ ಅಕ್ಕ ಅಂದು ತಮಗಾಗಿ ಎರಡು ಗಂಟೆಗೇ ಹಾಲಿಡುತ್ತಾರೆ, ಮಾತಾಡಿದ್ದೇನೆ.

ಎಡಗಾಲಿನ ಚಪ್ಪಲಿಯ ಪರವಾಗಿ ಮತ್ತೊಮ್ಮೆ ಕ್ಷಮೆ ಕೋರುತ್ತ,

ತಮ್ಮ ವಿಶ್ವಾಸಿ,
ನಾಲ್ಕನೆಯ ಸೀಟಿನವನು

ತಾ.ಕ.: ಟಿವಿಯವರು ತಮಗೆ ಪೈಪೋಟಿಯಾಗಿ ಒಂದು ನಾಯಿಯನ್ನು ವಿಮರ್ಶೆಗೆ ಕೂರಿಸುತ್ತಿದ್ದಾರಂತೆ. ಯಾವ ಚಿತ್ರ ತೋರಿಸಿದರೂ ಬಾಲ ಅಲ್ಲಾಡಿಸುತ್ತದಂತೆ. ನಮ್ಮ ವೃತ್ತಿಯಲ್ಲಿ ಬಹಳ ಮೇಲಕ್ಕೆ ಬರುತ್ತದೆ, ತಾವು ಎಚ್ಚರದಿಂದಿರಬೇಕು.

ಮತ್ತೂ ತಾ.ಕ.: ಗುರುವಾರ ಕೊರಳಲ್ಲಿ ಅಳತೆಯ ಟೇಪು ಇರುವವರು ಯಾರಾದರೂ ಬಂದು ಬಾಗಿಲ ಬಳಿ ಅನುಮಾನಿಸುತ್ತ ನಿಂತರೆ, ದಯವಿಟ್ಟು ಅವರ ಕಾಲಿಗೆ ಒಮ್ಮೆ ಮೈಯುಜ್ಜಿ, ಈ ಮಾತು ತಲುಪಿಸಬೇಕು: ಲಾರಿ ಚಾಲಕನ ಚಿತ್ರವನ್ನು ನಾನು ಭಾನುವಾರ ಮನೆಯಲ್ಲಿ ಕೂತು ಎರಡನೆಯ ಸಲ ನೋಡಿದೆ. ಒಮ್ಮೆ ನೋಡಬಹುದು. ತಲೆಯನ್ನು ಯಾವ ವೈದ್ಯರಿಗೆ ತೋರಿಸಿದ್ದೆಂದು ಅವರೇ ಹೇಳಿದರೆ, ನಾನೂ ಹೋಗಿಬರುತ್ತೇನೆ.